ಪರದೆ ಮೇಲಿನ ಅಕ್ಷರ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ವಿಂಡೋಸ್‌ಗೆ ಮುಂಚಿನ ಹಳೇ ಡಾಸ್ ಕಂಪ್ಯೂಟರ್ ಪರದೆಯಲ್ಲಿ ಸಲೀಸಾಗಿ ಓದಬಹುದಿತ್ತು. ಈಗ 14 ಇಂಚಿನ ಲ್ಯಾಪ್‌ಟಾಪ್, 1920×1080. ಫಾಂಟ್ 16 ಪಿಕ್ಸೆಲ್ ಇಟ್ಟರೂ ಕಣ್ಣು ಕಿರಿದು ಮಾಡಬೇಕು. ಎಷ್ಟಿಟ್ಟರೆ ಸರಿ? ಓದೋದು ಹೆಚ್ಚಾಗಿ ಕನ್ನಡ.

ಉತ್ತರ 1: ಪಿಕ್ಸೆಲ್ ಬಿಡಿ, ಮಿಲಿಮೀಟರ್‌ನಲ್ಲಿ ಅಳೆಯಿರಿ. 1978ರ ವಿಟಿ100 ಟರ್ಮಿನಲ್ (ದೊಡ್ಡ ಕಂಪ್ಯೂಟರಿಗೆ ಜೋಡಿಸುತ್ತಿದ್ದ ಪರದೆ, ಕೀಲಿಮಣೆ) ತೆಗೆದುಕೊಳ್ಳಿ: ಹಳೇ ಟಿವಿಯಂಥ 12 ಇಂಚಿನ ಗಾಜಿನ ಟ್ಯೂಬು, 24 ಸಾಲು, ಸಾಲಿಗೆ 80 ಅಕ್ಷರ. ಒಂದು ಅಕ್ಷರಕ್ಕೆ ಸಿಗುತ್ತಿದ್ದದ್ದು ಬರೀ 7×9 ಚುಕ್ಕಿ. ಆದರೆ ಗಾಜಿನ ಮೇಲೆ ಅದರ ಎತ್ತರ 3.35 ಮಿ.ಮೀ. 60 ಸೆಂ.ಮೀ. ದೂರ ಕೂತವರಿಗೆ ಅದು ಸುಮಾರು 19 ಕೋನ ನಿಮಿಷ (ಅಕ್ಷರದ ಎತ್ತರ ಕಣ್ಣಿನಲ್ಲಿ ಮಾಡುವ ಕೋನ; ಡಿಗ್ರಿಗೆ 60 ನಿಮಿಷ). ಪರದೆಗಳ ಬಗೆಗಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9241 ಕೇಳುವುದು ಕನಿಷ್ಠ 16, ಹಿತವಾಗಿರಲು 20ರಿಂದ 22.

ನಿಮ್ಮ ಪರದೆಯ ಒಂದು ಪಿಕ್ಸೆಲ್ 0.16 ಮಿ.ಮೀ. 16 ಪಿಕ್ಸೆಲ್ ಫಾಂಟಿನಲ್ಲಿ ಇಂಗ್ಲಿಷ್ ದೊಡ್ಡಕ್ಷರದ ಎತ್ತರ ಅದರ ಸುಮಾರು ಶೇ. 70, ಅಂದರೆ 1.8 ಮಿ.ಮೀ. 50 ಸೆಂ.ಮೀ.ಯಿಂದ 12 ನಿಮಿಷ ಅಷ್ಟೇ. ಕಣ್ಣು ಕಿರಿದಾಗದೆ ಇನ್ನೇನು! ಲೆಕ್ಕ ಸುಲಭ: ಕಣ್ಣಿನಿಂದ ಪರದೆಗಿರುವ ದೂರವನ್ನು (ಮಿ.ಮೀ.ನಲ್ಲಿ) 170ರಿಂದ ಭಾಗಿಸಿ, ದೊಡ್ಡಕ್ಷರಕ್ಕೆ ಬೇಕಾದ ಎತ್ತರ ಸಿಗುತ್ತದೆ. 50 ಸೆಂ.ಮೀ.ಗೆ 2.9 ಮಿ.ಮೀ. 2.3ಕ್ಕಿಂತ ಕೆಳಗೆ ಇಳಿಯಬೇಡಿ. ಇಷ್ಟು ಸಣ್ಣದನ್ನು ಸ್ಕೇಲಿನಲ್ಲಿ ಅಳೆಯಲು ಕಷ್ಟ; ಬ್ರೌಸರ್ ಝೂಮ್ 500% ಮಾಡಿ ಅಳೆದು 5ರಿಂದ ಭಾಗಿಸಿ.

ಉತ್ತರ 2: 16 ಪಿಕ್ಸೆಲ್ ಸಾಕು ಅನ್ನೋ ಮಾತು ಬಂದದ್ದು ಎಲ್ಲಿಂದ ಅಂದ್ರೆ, ವಿಂಡೋಸ್ ಇಂಚಿಗೆ 96 ಪಿಕ್ಸೆಲ್ ಅಂತ ಹಿಡಿದು 12 ಪಾಯಿಂಟನ್ನು (ಪಾಯಿಂಟ್ ಅಂದ್ರೆ ಮುದ್ರಣದ ಅಳತೆ, ಇಂಚಿಗೆ 72) 16 ಪಿಕ್ಸೆಲ್ ಮಾಡುತ್ತೆ. 1984ರ ಮ್ಯಾಕಿಂಟಾಷ್‌ನಲ್ಲಿ ಇಂಚಿಗೆ 72 ಚುಕ್ಕಿ, ಹಾಗಾಗಿ 12 ಪಾಯಿಂಟ್ ಅಕ್ಷರ ಕಾಗದದಲ್ಲಿರುವಷ್ಟೇ ದೊಡ್ಡದು. ನಿಮ್ಮ ಪರದೆಯಲ್ಲಿ ಇಂಚಿಗೆ 157. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿ ಸ್ಕೇಲ್ 150% ಮಾಡಿ: ದೊಡ್ಡಕ್ಷರ 2.7 ಮಿ.ಮೀ. ಆಗುತ್ತೆ, 18 ನಿಮಿಷ ದಾಟುತ್ತೆ.

ರೆಸಲ್ಯೂಷನ್ ಮಾತ್ರ ಇಳಿಸಬೇಡಿ. ಹಳೇ ಟ್ಯೂಬಿಗೆ ಅದು ನಡೀತಿತ್ತು, ಅದರ ಕಿರಣ ಗೆರೆಗಳನ್ನು ಒಂದು ಮಿತಿಯೊಳಗೆ ಹೆಚ್ಚು ಕಡಿಮೆ ಮಾಡಿ ಎಳೆಯುತ್ತಿತ್ತು. ಎಲ್‌ಸಿಡಿಯಲ್ಲಿ ಪಿಕ್ಸೆಲ್ ಜಾಗ ಕಾಯಂ. 1366ಕ್ಕೆ ಇಳಿಸಿದರೆ ಒಂದು ಚುಕ್ಕಿ 1.4 ಪಿಕ್ಸೆಲ್ ಮೇಲೆ ಹರಡಿ ಅಂಚು ಮಸುಕಾಗುತ್ತೆ.

ಉತ್ತರ 3: ಎತ್ತರವೊಂದೇ ಸಾಲದು. ಅದೇ ವಿಟಿ100 ಸಾಲಿಗೆ 132 ಅಕ್ಷರವನ್ನೂ ತೋರಿಸುತ್ತಿತ್ತು. ಎತ್ತರ ಹಾಗೇ ಉಳಿದು ಅಗಲ 2ರಿಂದ 1.3 ಮಿ.ಮೀ.ಗೆ ಇಳಿಯುತ್ತಿತ್ತು. ಇಕ್ಕಟ್ಟಾದ ಫಾಂಟ್ ಆರಿಸಿದರೆ ನಿಮಗೂ ಅದೇ ಗತಿ.

ಉತ್ತರ 4: ಕನ್ನಡಕ್ಕೆ ಇನ್ನೂ ಸ್ವಲ್ಪ ಬೇಕು. ಮೇಲೆ ಹೇಳಿದ ಅಳತೆಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರದವು. ಡಾಸ್ ಕಾಲದ ಸಿಜಿಎ ಗ್ರಾಫಿಕ್ಸ್ ಕಾರ್ಡಿನ 8×8 ಚುಕ್ಕಿಯ ಚೌಕದಲ್ಲಿ ಇಂಗ್ಲಿಷ್ ಹೇಗೋ ಕೂರುತ್ತಿತ್ತು. ‘ರಾಷ್ಟ್ರ’ದ ಒತ್ತುಗಳಿಗೆ ಅಲ್ಲಿ ಜಾಗ ಎಲ್ಲಿ? ನಮ್ಮಲ್ಲಿ ಮೊದಲು ಕಾಣದಾಗುವುದು ಮಹಾಪ್ರಾಣದ ಸೀಳು. ‘ದಧ ಪಫ ಬಭ ಡಢ, ಲಕ್ಷ್ಮಿ, ಶಾಸ್ತ್ರ’ ಅಂತ ಟೈಪ್ ಮಾಡಿ, ನೀವು ದಿನಾ ಕೂರುವ ಜಾಗದಿಂದ, ಬಾಗದೆ ನೋಡಿ. ದ ಯಾವುದು, ಧ ಯಾವುದು ತಟ್ಟನೆ ಗೊತ್ತಾಗದಿದ್ದರೆ 2 ಪಿಕ್ಸೆಲ್ ಏರಿಸಿ ಮತ್ತೆ ನೋಡಿ. ಸಾಲಿನ ಅಂತರ ಫಾಂಟ್ ಅಳತೆಯ 1.7 ಪಟ್ಟು ಇಡಿ, 1.2ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಹುದು.