ಸಹಾಯ ಬೇಕು: ಜೆಫ್ರಿ ಡಿ ಮ್ಯಾಂಡೆವಿಲ್ ಎಷ್ಟು ಸಲ ಪಕ್ಷ ಬದಲಿಸಿದ?

12ನೇ ಶತಮಾನದ ಇಂಗ್ಲೆಂಡ್‌ನಲ್ಲಿ ರಾಜ ಸ್ಟೀಫನ್‌ಗೂ ಕಿರೀಟ ತನ್ನದು ಅಂದ ಮಟಿಲ್ಡಾಳಿಗೂ ನಡೆದ ಅಂತರ್ಯುದ್ಧದ ಬಗ್ಗೆ ಸೆಮಿನಾರ್‌ಗೆ ಬರೀತಾ ಈ ಮಹಾಶಯನ ಹತ್ರ ಸಿಕ್ಕಾಕೊಂಡಿದ್ದೀನಿ. 1140ರಲ್ಲಿ ಸ್ಟೀಫನ್ ಇವನನ್ನ ಎಸೆಕ್ಸ್‌ನ ಅರ್ಲ್ ಮಾಡಿದ. 1141ರಲ್ಲಿ ರಾಜ ಲಿಂಕನ್‌ನಲ್ಲಿ ಸೆರೆಸಿಕ್ಕ. ಲಂಡನ್ ಟವರ್ ಕೈಲಿದ್ದ ಇವನು ಮಟಿಲ್ಡಾಳಿಂದ ಸನ್ನದು (ಭೂಮಿ, ಹಕ್ಕು ಕೊಡೋ ಪತ್ರ) ಗಿಟ್ಟಿಸಿದ. ಅದೇ ವರ್ಷ ಕ್ರಿಸ್ಮಸ್‌ಗೆ, ಬಿಡುಗಡೆಯಾದ ಸ್ಟೀಫನ್‌ನಿಂದ ಇನ್ನೊಂದು! ಕೊನೆ ಗೊತ್ತು: 1143ರಲ್ಲಿ ಬಂಧನ, 1144ರಲ್ಲಿ ಬರ್ವೆಲ್ ಬಳಿ ಬಾಣದ ಗಾಯ. ಚರ್ಚ್‌ನಿಂದ ಬಹಿಷ್ಕೃತ ಅಂತ ಹೆಣಕ್ಕೆ ವರ್ಷಗಟ್ಟಲೆ ಮಣ್ಣೂ ಸಿಗಲಿಲ್ಲ, ಪಾಪ.

ತೊಡಕಿರೋದು ಮಟಿಲ್ಡಾಳ ಎರಡನೇ ಸನ್ನದಿನಲ್ಲಿ. ಹಳೆ ಇತಿಹಾಸಕಾರರು 1142 ಅಂತಾರೆ, ಆಮೇಲೆ ಬಂದ ಕೆಲವರು 1141ರ ಬೇಸಿಗೆ ಅಂತಾರೆ. ಎರಡೂ ವಾದ ಓದಿದೆ, ಕಾಲಾನುಕ್ರಮ ಮೂರು ಸಲ ಬರೆದು ಹರಿದೆ. 1142 ಆದ್ರೆ ಇವನು ಮತ್ತೊಮ್ಮೆ ಜಿಗಿದ ಹಾಗಾಯ್ತು, 1141 ಆದ್ರೆ ಇಲ್ಲ. ಯಾವ ವರ್ಷ ಹಿಡೀಲಿ, ಯಾವ ಆಧಾರದ ಮೇಲೆ?