ಸಹಾಯ ಬೇಕು: ಮುಧೋಳ ನಾಯಿ ಮನೆಯ ವಸ್ತುಗಳನ್ನು ಕಡಿದು ಹಾಳುಮಾಡುವುದನ್ನು ನಿಲ್ಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮುಧೋಳ ನಾಯಿಗೆ 11 ತಿಂಗಳು. ಬೆಂಗಳೂರಿನಲ್ಲಿ ಎರಡನೇ ಮಹಡಿ ಮನೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಸೋಫಾ ಹರಿದು ಸ್ಪಂಜನ್ನೆಲ್ಲ ಎಳೆದು ಹಾಕುತ್ತಾಳೆ. ನಿನ್ನೆ ಬಾಗಿಲ ಚೌಕಟ್ಟು ಕಡಿದು ಒಸಡಿನಲ್ಲಿ ರಕ್ತ ಬಂದಿತ್ತು, ನೋಡಿ ಕರುಳು ಚುರುಕ್ ಎಂದಿತು.

ಬೇಟೆಗೆ ಓಡುವ ತಳಿ. ಬೆಲ್ಟ್ ಹಿಡಿದು ಬೀದಿ ಸುತ್ತಿಸಿದರೆ ಸಾಲುವುದಿಲ್ಲ ಅಲ್ವಾ? ಬಿಟ್ಟರೆ ಬೆಕ್ಕು ಕಂಡ ಕಡೆ ಓಟ, ಕರೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಳೇ ಟವೆಲ್‌ನಲ್ಲಿ ತಿಂಡಿ ಸುತ್ತಿ ಬಚ್ಚಿಟ್ಟರೆ, ಮೂಸಿ ಹುಡುಕುತ್ತಾ ಸ್ವಲ್ಪ ಹೊತ್ತು ಸುಮ್ನಿರುತ್ತಾಳೆ. ಇಂಥ ಆಟ ಇನ್ನೇನಿವೆ? ವಿಜಯನಗರದ ಹತ್ತಿರ ಸುತ್ತ ಬೇಲಿ ಇರುವ, ನಾಯಿ ಬಿಟ್ಟು ಓಡಿಸಬಹುದಾದ ಜಾಗ ಇದ್ದರೆ ತಿಳಿಸಿ. ಹೊಡೆಯಿರಿ, ಕಟ್ಟಿಹಾಕಿ ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ. ಈ ತಳಿ ಸಾಕಿದವರು ಉತ್ತರಿಸಿದರೆ ತುಂಬಾ ಉಪಕಾರ.