ಹವಾಯಿ ಬಿಗ್ ಐಲ್ಯಾಂಡ್: ಹಿಲೋ ಕಡೆಗೆ ಒಂದು ದಿನ ಸಾಕಾ?

ನಂದಿತಪ್ಪಲು (ಚಿಕ್ಕಬಳ್ಳಾಪುರ):
ಅಕ್ಟೋಬರ್‌ನಲ್ಲಿ ಅಪ್ಪ-ಅಮ್ಮನ ಜತೆ ಬಿಗ್ ಐಲ್ಯಾಂಡ್‌ಗೆ ಹೋಗ್ತಿದ್ದೀವಿ. ನಾಲ್ಕು ರಾತ್ರಿಗೂ ದ್ವೀಪದ ಪಶ್ಚಿಮಕ್ಕಿರೋ ಕೋನಾದಲ್ಲೇ ರೂಮು. ಹಸಿರೆಲ್ಲ ಪೂರ್ವದ ಹಿಲೋ ಕಡೆ ಅಂತಾರೆ. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾ? ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಆಗಲ್ಲ. ಅಪ್ಪನಿಗೆ ವೈಪಿಯೋ ಕಣಿವೆಗೆ ಇಳಿಯೋ ಆಸೆ.

ಕೋಲಾರ್_ಕೆರೆಏರಿ:
ಎರಡು ರಾತ್ರಿ ಹಿಲೋಗೆ ಬದಲಾಯಿಸಿ. ಕೋನಾದಿಂದ ಹಿಲೋಗೆ, ಬೆಟ್ಟಗಳ ನಡುವೆ ಹಾಯೋ ಸ್ಯಾಡಲ್ ರೋಡ್‌ನಲ್ಲಿ, ಸುಮಾರು 125 ಕಿ.ಮೀ., ಒಂದೂಮುಕ್ಕಾಲು ಗಂಟೆ. ಆದರೆ ರಸ್ತೆ 2,000 ಮೀಟರ್ ದಾಟಿ ಇಳಿಯುತ್ತೆ, ನಂದಿ ಬೆಟ್ಟದ ನೆತ್ತಿಗಿಂತ ಐನೂರು ಮೀಟರ್ ಮೇಲೆ. ಕತ್ತಲಲ್ಲಿ ಮಂಜು ಕವಿದರೆ, ಅದೂ ಬಲಗಡೆ ಓಡಿಸೋ ಅಭ್ಯಾಸ ಇಲ್ಲದವರಿಗೆ, ಕಷ್ಟ.

ಈಶಾನ್ಯದ ಗಾಳಿ ಸಮುದ್ರದ ತೇವ ಹೊತ್ತು ತಂದು 4,207 ಮೀಟರಿನ ಮೌನಾ ಕೇಆ ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತೆ, ಮಳೆಯೆಲ್ಲ ಹಿಲೋ ಮಗ್ಗುಲಲ್ಲೇ ಖಾಲಿ. ವರ್ಷಕ್ಕೆ 3,000 ಮಿ.ಮೀ. ಮೇಲೆ, ನಮ್ಮ ಜಿಲ್ಲೆಯ ನಾಲ್ಕು ಪಟ್ಟು. ಬೆಟ್ಟದ ಆಚೆ ಕೊಹಾಲಾ ಕರಾವಳಿಯಲ್ಲಿ ಕೆಲವು ಕಡೆ 250 ಮಿ.ಮೀ. ಮಾತ್ರ, ಪಾವಗಡವೇ ವಾಸಿ. ಹಿಲೋದಲ್ಲಿ ಮಳೆ ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ ಸುರಿಯುತ್ತೆ. ಹಾಗಾಗಿ ಅಲ್ಲೇ ಮಲಗಿ, ತೆರಪು ಕೊಟ್ಟ ತಕ್ಷಣ ಹೊರಡೋದು ಲಾಭ.

ತುಮಕೂರು_ಚಕ್ರ:
ಅಮ್ಮನಿಗೆ ರೇನ್‌ಬೋ ಫಾಲ್ಸ್. ಪಾರ್ಕಿಂಗ್ ಪಕ್ಕದಲ್ಲೇ ಕಟಕಟೆ, ಮೆಟ್ಟಿಲು ಹತ್ತದೆ ನೋಡಬಹುದು. ಬೆಳಗ್ಗೆಯೇ ಹೋಗಿ: ಬಿಸಿಲು ಬೆನ್ನ ಹಿಂದಿಂದ ಬಿದ್ದಾಗಲೇ ಕೆಳಗಿನ ತುಂತುರಿನಲ್ಲಿ ಕಾಮನಬಿಲ್ಲು ಕಟ್ಟೋದು, ಮಧ್ಯಾಹ್ನ ಬರೀ ನೀರು. ಅಕಾಕಾ ಜಲಪಾತ 135 ಮೀಟರ್, ದಾರಿ ಅರ್ಧ ಕಿ.ಮೀ. ಚಿಲ್ಲರೆ, ಆದರೆ ತುಂಬ ಮೆಟ್ಟಿಲು. ಅಪ್ಪನೂ ನೀವೂ ಹೋಗಿ ಬನ್ನಿ. ಹೊರಗಿನವರಿಗೆ ತಲೆಗೆ 5 ಡಾಲರ್, ಕಾರಿಗೆ 10.

ಹಿಲೋದಿಂದ 19ನೇ ಹೆದ್ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಪೆಪೆಎಕೆಯೋ ಹಳೇ ರಸ್ತೆಗೆ ತಿರುಗಿ. ಆರೂವರೆ ಕಿ.ಮೀ. ಅಷ್ಟೇ, ಆದರೆ ಇಡೀ ಕರಾವಳಿಯ ಸಾರ ಅದು: ತಲೆ ಮೇಲೆ ಮರಗಳ ಚಪ್ಪರ, ಒಂದೇ ಗಾಡಿ ಹಿಡಿಸೋ ಸೇತುವೆಗಳು, ಕೆಳಗೆ ಒನೋಮಿಯಾ ಕೊಲ್ಲಿ. ಸೇತುವೆ ಹತ್ತಿರ ಎದುರು ಕಾರು ಬಂದರೆ ನಿಂತು ದಾರಿ ಬಿಡಿ. ನಮ್ಮೂರ ಥರ ನುಗ್ಗಬೇಡಿ.

ವೈಪಿಯೋ ವಿಚಾರ ಅಪ್ಪನಿಗೆ ಈಗಲೇ ಹೇಳಿಬಿಡಿ. ಇಳಿಯೋ ರಸ್ತೆ 2022ರ ಫೆಬ್ರವರಿಯಲ್ಲಿ ಪ್ರವಾಸಿಗರಿಗೆ ಮುಚ್ಚಿತು. ಬಾಡಿಗೆ ಕಾರಲ್ಲೂ ಇಲ್ಲ, ನಡೆದೂ ಇಲ್ಲ. ಇಳಿಜಾರು ನೂರು ಮೀಟರಿಗೆ 25 ಮೀಟರ್, ಬಂಡೆ ಉದುರೋ ಭಯ. ಮೇಲಿನ ಲುಕ್‌ಔಟ್‌ನಿಂದಲೇ ಕೆಸುವಿನ ಗದ್ದೆ, ಕಪ್ಪು ಮರಳಿನ ದಂಡೆ ಕಾಣುತ್ತೆ.

ಕೋಲಾರ್_ಕೆರೆಏರಿ:
ಇನ್ನೊಂದು. ಹೊಳೆಗೆ ಇಳೀಬೇಡಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಬೆಟ್ಟದಲ್ಲಿ ಮಳೆ ಆಗಿರುತ್ತೆ, ನೀರು ನಿಮಿಷಗಳಲ್ಲಿ ಏರುತ್ತೆ. ಸಿಹಿನೀರಲ್ಲಿ ಇಲಿಜ್ವರದ ರೋಗಾಣುವೂ ಇರಬಹುದು, ಕಾಲಲ್ಲಿ ಗಾಯ ಇದ್ದರೆ ಇನ್ನೂ ಅಪಾಯ. ಸಮುದ್ರದ ಗಾಳಿಗೆ ಛತ್ರಿ ಉಲ್ಟಾ ಆಗುತ್ತೆ, ರೇನ್‌ಕೋಟ್ ತಗೊಳ್ಳಿ. ಶೂ ಅಡಿಯ ಮಣ್ಣು ಉಜ್ಜಿ ತೆಗೆದು ಕಾಡಿಗೆ ಹೋಗಿ. ಓಹಿಯಾ ಮರಗಳನ್ನ ಕೊಲ್ಲೋ ಶಿಲೀಂಧ್ರ ಹಾಗೇ ಹರಡೋದು.

ನಂದಿತಪ್ಪಲು:
ಎರಡು ರಾತ್ರಿ ಬದಲಾಯಿಸ್ತೀನಿ. ಅಮ್ಮ ಕರಿಬೇವು ಕಟ್ಟಿಕೊಳ್ತಿದ್ದಾರೆ, ಪರವಾಗಿಲ್ವಾ?

ತುಮಕೂರು_ಚಕ್ರ:
ಹಸಿ ಕರಿಬೇವು ಅಮೆರಿಕಕ್ಕೇ ಬಿಡಲ್ಲ, ಅದರಲ್ಲಿ ಬರೋ ಕೀಟ ನಿಂಬೆ-ಕಿತ್ತಳೆ ತೋಟಕ್ಕೆ ರೋಗ ಹಚ್ಚುತ್ತೆ. ಚಟ್ನಿಪುಡಿ ಸೀಲ್ ಮಾಡಿದ್ದೇ ಇರಲಿ, ಕಸ್ಟಮ್ಸ್‌ನಲ್ಲಿ ತಿಂಡಿ ಇದೆ ಅಂತ ಹೇಳಿ. ಹವಾಯಿಯಿಂದ ಅಮೆರಿಕದ ಬೇರೆ ರಾಜ್ಯಕ್ಕೆ ಹೊರಡುವಾಗಲೂ ಏರ್‌ಪೋರ್ಟ್‌ನಲ್ಲಿ ಬ್ಯಾಗ್ ತಪಾಸಣೆ ಇದೆ: ಅನಾನಸ್, ತೆಂಗಿನಕಾಯಿ ಬಿಡ್ತಾರೆ, ಮಾವಿನಹಣ್ಣು ಅಲ್ಲೇ ತಿಂದು ಮುಗಿಸಿ.